ಅಳೆದು ತಿದ್ದಿದ ಎತ್ತರ

ಕುರ್ಚಿಯ ಕಾಲೊಂದು ಗಿಡ್ಡವೆಂದು ಉಳಿದವುಗಳಲ್ಲಿ ಒಂದನ್ನು ಕೊಯ್ದು, ಅದು ಹೆಚ್ಚಾಯಿತೆಂದು ಮತ್ತೊಂದನ್ನು ಕೊಯ್ದು, ಕಡೆಗೆ ಕುರ್ಚಿಯನ್ನು ಊಟದ ಮಣೆಯಾಗಿಸಿಕೊಂಡ ಗೃಹಸ್ಥನ ಕಥೆಯನ್ನು ವಾಚಕರು ಕೇಳಿಯೇ ಇರುತ್ತಾರೆ. ಆತನ ಕೈಯಲ್ಲಿ ಗರಗಸವಿತ್ತು, ಅಳತೆಗೋಲು ಇರಲಿಲ್ಲ. ಈ ವಾರ ನಾನು ಹೇಳಹೊರಟಿರುವುದು ಒಂದು ಮೋಟಾರು ಗಾಡಿಯ ಸಂಗತಿ. ಆದರೂ ಆ ಕುರ್ಚಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಪ್ರಾರ್ಥನೆ.

ಕೆಲವು ವರ್ಷಗಳ ಹಿಂದೆ ಮಗಳ ಸಂಸಾರವನ್ನು ನೋಡಿಬರಲೆಂದು ಫ್ರಾನ್ಸ್ ದೇಶದ ಲಿಯೋನ್ ನಗರಕ್ಕೆ ಹೋಗಿ ಮೂರು ತಿಂಗಳು ತಂಗಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ವೃದ್ಧರೂ ಅವರ ಪತ್ನಿಯೂ ವಾಸವಾಗಿದ್ದರು. ವೃದ್ಧರು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಆಕೆಗೆ ಬಹುಕಾಲದ ಬೆನ್ನುನೋವು. ಬೇರೆ ಯಾವ ಗಾಡಿಯಲ್ಲಿ ಕುಳಿತರೂ ಅರ್ಧ ಗಂಟೆಯೊಳಗೆ ಇಳಿಯಲೇಬೇಕಾದ ಅವಸ್ಥೆ. ಆದರೆ ತಮ್ಮ ಮನೆಯ ಹಳೆಯ ಗಾಡಿಯ ಹಿಂದಿನ ಆಸನದಲ್ಲಿ ಒರಗಿ, ವಾರಕ್ಕೊಮ್ಮೆ ಅರವತ್ತು ಕಿಲೋಮೀಟರು ದೂರದ ಹಳ್ಳಿಗೆ ಹೋಗಿ, ಹಾಸಿಗೆ ಹಿಡಿದಿದ್ದ ತಂಗಿಯನ್ನು ನೋಡಿ ಬರುತ್ತಿದ್ದರು. ನಾನು ಹೋದ ಕಾಲಕ್ಕೆ ಆ ಪ್ರಯಾಣ ನಿಂತು ಎರಡು ತಿಂಗಳಾಗಿತ್ತು. ಗಾಡಿಯು ಕುಲುಕತೊಡಗಿತ್ತು.

ಆ ಗಾಡಿ ಸಾಮಾನ್ಯವಾದದ್ದಲ್ಲ. ಅದು ಸಿಟ್ರೊಯೆನ್ ಕಂಪನಿಯ ಡಿಎಸ್. ಆ ಎರಡು ಅಕ್ಷರಗಳನ್ನು ಫ್ರೆಂಚರು ಒಟ್ಟಿಗೆ ಉಚ್ಚರಿಸಿದರೆ ಅವರ ಭಾಷೆಯಲ್ಲಿ ‘ದೇವಿ’ ಎಂದು ಅರ್ಥ ಬರುತ್ತದೆ. 1955ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಮೋಟಾರು ಪ್ರದರ್ಶನದಲ್ಲಿ ಈ ದೇವಿಯು ಪ್ರತ್ಯಕ್ಷಳಾದಾಗ ಮೊದಲ 15 ನಿಮಿಷಗಳಲ್ಲಿ 743 ಮಂದಿಯೂ, ದಿನ ಮುಗಿಯುವುದರೊಳಗೆ ಸುಮಾರು 12,000 ಮಂದಿಯೂ ಮುಂಗಡ ಕೊಟ್ಟು ಹೆಸರು ಬರೆಸಿದರೆಂದು ಪ್ರಸಿದ್ಧಿಯಿದೆ. ರೂಪ ಕೊಟ್ಟವನು ಇಟಲಿಯ ಶಿಲ್ಪಿ ಫ್ಲಾಮಿನಿಯೊ ಬೆರ್ತೋನಿ. ಯೋಜನೆಯ ಹಿರಿಯ ಎಂಜಿನಿಯರು ಆಂದ್ರೆ ಲೆಫೆವ್ರ್. ಆದರೆ ಗಾಡಿಯ ಪ್ರಾಣವೆನ್ನಬಹುದಾದ ತೈಲದ ತೂಗುವ್ಯವಸ್ಥೆಯನ್ನು ರೂಪಿಸಿದವನು ಪಾಲ್ ಮಜೆಸ್. ಹದಿಹರೆಯದಲ್ಲಿಯೇ, 1925ರಲ್ಲಿ, ಕಂಪನಿಯನ್ನು ಸೇರಿ, ಎಂಜಿನಿಯರಿಂಗ್ ಪದವಿಯಿಲ್ಲದೆಯೇ ಕೆಲಸ ಮಾಡುತ್ತ ಕಲಿತವನು ಆತ. 1962ರ ಆಗಸ್ಟ್ 22ರಂದು ಪ್ಯಾರಿಸಿನ ಬಳಿ ಅಧ್ಯಕ್ಷ ದ ಗಾಲ್ ಅವರ ಮೇಲೆ ಗುಂಡಿನ ಮಳೆ ಸುರಿದಾಗ, ಟೈರುಗಳು ಹರಿದರೂ ನಿಲ್ಲದೆ ಓಡಿ ಅವರನ್ನು ಪಾರುಮಾಡಿದ್ದು ಡಿಎಸ್ ಗಾಡಿಯೇ. 1975ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಸುಮಾರು ಹದಿನಾಲ್ಕೂವರೆ ಲಕ್ಷ ಗಾಡಿಗಳು ಹೊರಬಂದಿದ್ದವು. ನಮ್ಮ ನೆರೆಯವರದು 1970ರದು.

ಇಂಥ ಗಾಡಿ ಕುಲುಕಿದರೆ ಯಾರಿಗೆ ತಾನೆ ಚಿಂತೆಯಾಗದು? ಅವರು ಒಂದು ಕಾರ್ಖಾನೆಗೆ ಒಯ್ದರು. ಗೋಳಗಳು ಹಳೆಯವಾಗಿವೆ ಎಂದರು. ಹೊಸವನ್ನು ಹಾಕಿಸಿದ್ದಾಯಿತು, ಹಣವೂ ಹೋಯಿತು. ಗಾಡಿ ಮೊದಲಿಗಿಂತ ಹೆಚ್ಚಾಗಿ ಕುಲುಕಿತು. ಮತ್ತೊಬ್ಬ ಕೆಲಸಗಾರನು, ‘ಇದರ ಕಾಲ ಮುಗಿಯಿತು, ಮಾರಿಬಿಡಿ’ ಎಂದನು. ಮಾರಾಟದ ಚೀಟಿಯನ್ನು ಬರೆದು ಗಾಜಿಗೆ ಅಂಟಿಸುವ ಸಿದ್ಧತೆಯೂ ನಡೆದಿತ್ತು. ಗಣಿತದ ಮೇಷ್ಟರಿಗೆ ಮಾತ್ರ ಒಂದು ಅಸಮಾಧಾನ. ‘ಇಬ್ಬರೂ ನೋಡಿದರು, ಇಬ್ಬರೂ ಹೇಳಿದರು, ಒಬ್ಬನೂ ಅಳೆಯಲಿಲ್ಲ’ ಎಂದು ಅವರು ಗೊಣಗಿದರು. ಮರುದಿನ ಬೆಳಿಗ್ಗೆ ಅಳತೆಪಟ್ಟಿಯ ಒಂದು ತುದಿಯನ್ನು ಹಿಡಿಯುವ ಗೌರವ ನನ್ನದಾಯಿತು. ಮಗಳು ದುಭಾಷಿಯಾದಳು.

ಮುಂದಿನ ಸಂಗತಿ ತಿಳಿಯಬೇಕಾದರೆ ಆ ಗಾಡಿಯ ದೇಹರಚನೆಯನ್ನು ಸ್ವಲ್ಪ ಅರಿಯಬೇಕು. ಸಾಧಾರಣ ಗಾಡಿಯನ್ನು ಉಕ್ಕಿನ ಸುರುಳಿಗಳೋ ಪಟ್ಟಿಗಳೋ ಹೊತ್ತು ನಿಲ್ಲುತ್ತವೆ. ಡಿಎಸ್ ಗಾಡಿಯಲ್ಲಿ ಅವಿಲ್ಲ. ಪ್ರತಿಯೊಂದು ಗಾಲಿಗೂ ತೆಂಗಿನಕಾಯಿಗಿಂತ ತುಸು ದಪ್ಪನಾದ ಒಂದು ಲೋಹದ ಗೋಳ. ಗೋಳದ ನಡುವೆ ರಬ್ಬರಿನ ಪೊರೆ. ಪೊರೆಯ ಮೇಲೆ ಸಾರಜನಕ ಅನಿಲ, ಕೆಳಗೆ ತೈಲ. ಗಾಲಿಯು ಗುಂಡಿಗೆ ಬಿದ್ದೆದ್ದಾಗ ಅದರ ತೋಳು ಒಂದು ಉರುಳೆಯಲ್ಲಿ ತೈಲವನ್ನು ಒತ್ತುತ್ತದೆ. ತೈಲವು ಪೊರೆಯನ್ನು ಒತ್ತುತ್ತದೆ. ಅನಿಲವು ಕುಗ್ಗಿ ಹಿಗ್ಗಿ ಆಘಾತವನ್ನು ನುಂಗುತ್ತದೆ. ಮೆತ್ತನೆಯ ಗುಣವೆಲ್ಲ ಅನಿಲದ್ದು.

ಎತ್ತರವನ್ನು ನೋಡಿಕೊಳ್ಳುವುದು ತೈಲದ ಕೆಲಸ. ಎಂಜಿನ್ನಿನಿಂದ ನಡೆಯುವ ಒಂದು ಪಂಪು ತೈಲವನ್ನು ವಾತಾವರಣದ ನೂರೈವತ್ತು ಪಟ್ಟಿಗೂ ಮೀರಿದ ಒತ್ತಡಕ್ಕೆ ಏರಿಸಿ ಒಂದು ಸಂಗ್ರಾಹಕದಲ್ಲಿ ಇಟ್ಟಿರುತ್ತದೆ. ಗಾಡಿಯ ಮುಂದೊಂದು ಹಿಂದೊಂದು, ಎತ್ತರ ತಿದ್ದುವ ಕವಾಟಗಳಿವೆ. ಎಡಬಲ ಗಾಲಿಗಳ ತೋಳುಗಳನ್ನು ಕೂಡಿಸುವ ಒಂದು ಅಡ್ಡಸಲಾಕೆಯ ನಡುವಿನಿಂದ ತೆಳ್ಳನೆಯ ಕಡ್ಡಿಯೊಂದು ಹೊರಟು ಈ ಕವಾಟವನ್ನು ಮುಟ್ಟುತ್ತದೆ. ಹಿಂದೆ ಮೂವರು ಕುಳಿತರೆಂದುಕೊಳ್ಳಿ. ಗಾಡಿ ತಗ್ಗುತ್ತದೆ, ಸಲಾಕೆ ತಿರುಗುತ್ತದೆ, ಕಡ್ಡಿಯು ಕವಾಟವನ್ನು ಸರಿಸುತ್ತದೆ, ತೈಲವು ಒಳನುಗ್ಗಿ ಗಾಡಿಯನ್ನು ಮೊದಲಿನ ಎತ್ತರಕ್ಕೆ ಎತ್ತುತ್ತದೆ. ಅವರು ಇಳಿದರೆ ಇದೇ ಕ್ರಮ ತಿರುಗುಮುರುಗಾಗಿ ನಡೆದು, ಹೆಚ್ಚಿನ ತೈಲವು ತೊಟ್ಟಿಗೆ ಮರಳುತ್ತದೆ.

ಈ ಕವಾಟದ ಸ್ವಭಾವದಲ್ಲಿ ಒಂದು ವಿಶೇಷವುಂಟು. ಅದು ಬೇಕೆಂದೇ ನಿಧಾನವಾಗಿ ವರ್ತಿಸುತ್ತದೆ. ರಸ್ತೆಯ ಪ್ರತಿಯೊಂದು ಉಬ್ಬುತಗ್ಗಿಗೂ ಅದು ಓಗೊಟ್ಟರೆ ಗಾಡಿಯು ದಾರಿಯುದ್ದಕ್ಕೂ ಏಳುತ್ತ ಬೀಳುತ್ತ ಇರಬೇಕಾದೀತು. ಆದ್ದರಿಂದ ಅದರೊಳಗೆ ತೈಲವು ಕಿರಿದಾದ ದಾರಿಯಲ್ಲಿ ಹರಿದು ಕೆಲವು ಕ್ಷಣ ತಡೆಯೊಡ್ಡುವಂತೆ ಏರ್ಪಾಡು ಮಾಡಿದ್ದಾರೆ. ಕ್ಷಣಿಕವಾದ ಕುಲುಕನ್ನು ಅದು ಉಪೇಕ್ಷಿಸುತ್ತದೆ. ನಿಂತುಬಿಟ್ಟ ಭಾರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಸಂಸಾರಿಗಳಿಗೂ ಈ ಗುಣ ಇದ್ದಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದವು.

ಹೀಗೆ ಮೆತ್ತನೆಯೂ ಎತ್ತರವೂ ಎರಡು ಬೇರೆ ಬೇರೆ ಸಂಗತಿಗಳು. ಗೋಳದಿಂದ ಅನಿಲವೆಲ್ಲ ಸೋರಿಹೋಗಿದ್ದರೂ ಗಾಡಿಯು ಸರಿಯಾದ ಎತ್ತರದಲ್ಲಿಯೇ ಗಂಭೀರವಾಗಿ ನಿಲ್ಲುತ್ತದೆ, ಓಡಿಸಿದಾಗ ಕಲ್ಲಿನಂತಿರುತ್ತದೆ. ಗೋಳಗಳು ಹೊಚ್ಚಹೊಸವಾಗಿದ್ದರೂ ಎತ್ತರ ತಪ್ಪಿದ್ದರೆ ಮತ್ತೆ ಕಲ್ಲೇ. ಬಹಳ ತಗ್ಗಿದ್ದರೆ ಗಾಲಿಯ ತೋಳು ಮೇಲಿನ ರಬ್ಬರಿನ ತಡೆಗೆ ಬಡಿಯುತ್ತದೆ. ಬಹಳ ಎತ್ತರವಿದ್ದರೆ ಕೆಳಗಿನ ತಡೆಗೆ ಬಡಿಯುತ್ತದೆ. ಕುಳಿತವರ ಬೆನ್ನಿಗೆ ಮೂರೂ ಒಂದೇ. ಆದ್ದರಿಂದಲೇ ಈ ಗಾಡಿಗಳ ವಿಷಯದಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಅಷ್ಟೊಂದು ನಡೆಯುವುದು.

ಮೇಷ್ಟರು ಮೊದಲು ಒಂದು ಸುಲಭವಾದ ಪರೀಕ್ಷೆ ಮಾಡಿದರು. ಎಂಜಿನ್ನನ್ನು ನಡೆಯಬಿಟ್ಟು, ಗಾಡಿಯ ಹಿಂತುದಿಯನ್ನು ಎರಡೂ ಕೈಗಳಿಂದ ಒತ್ತಿದರು. ಅನಿಲ ಸತ್ತಿದ್ದರೆ ಅದು ಗೋಡೆಯಂತೆ ನಿಲ್ಲಬೇಕಾಗಿತ್ತು. ಹಾಗಾಗದೆ, ಹತ್ತಿಯ ದಿಂಬಿನಂತೆ ತಗ್ಗಿತು. ಸ್ವಲ್ಪ ತಗ್ಗಿ, ‘ಟಕ್’ ಎಂದು ನಿಂತಿತು. ಅವರು ನನ್ನ ಮುಖ ನೋಡಿ, ‘ಕೇಳಿಸಿತೆ?’ ಎಂದರು. ಗೋಳ ಜೀವಂತವಾಗಿದೆ, ಇಳಿಯಲು ಮಾತ್ರ ಎಡೆಯಿಲ್ಲ ಎಂದು ಆ ಒಂದು ಸದ್ದು ಹೇಳಿತ್ತು.

ಈಗ ಅಳತೆ. ಇಲ್ಲಿ ಅವರು ತೋರಿಸಿದ ಶ್ರದ್ಧೆಯನ್ನು ನಾನು ಮರೆಯಲಾರೆ. ಮೊದಲು ಟೈರುಗಳ ಗಾಳಿಯನ್ನು ನೋಡಿ ಸರಿಪಡಿಸಿದರು. ಟೈರು ಸೊರಗಿದ್ದರೆ ನೆಲದಿಂದ ಎಣಿಸಿದ ಅಳತೆಯೆಲ್ಲ ಸುಳ್ಳು. ಅನಂತರ ಅಂಗಳದ ಮೇಲೆ ರಸಮಟ್ಟವಿಟ್ಟರು. ಕುಣಿಯಲಾರದವಳು ನೆಲ ಡೊಂಕೆಂದಳೆಂದು ನಾವು ನಗುತ್ತೇವೆ. ಆದರೆ ಅವರ ಅಂಗಳ ನಿಜವಾಗಿಯೂ ಡೊಂಕಾಗಿತ್ತು. ಗಾಡಿಯನ್ನು ಬೀದಿಯಾಚೆಯ ಸಿಮೆಂಟಿನ ಚಪ್ಪಡಿಗೆ ಒಯ್ದೆವು. ಒಳಗೆ ಯಾರೂ ಇಲ್ಲದಂತೆ, ಸಾಮಾನೂ ಇಲ್ಲದಂತೆ ಮಾಡಿದೆವು. ಎಂಜಿನ್ನು ಮೆಲ್ಲಗೆ ನಡೆಯುತ್ತಿರಬೇಕು. ಎತ್ತರದ ಸನ್ನೆಯು ಸಾಧಾರಣ ಸ್ಥಾನದಲ್ಲಿರಬೇಕು.

ಈ ಸನ್ನೆಯ ವಿಚಾರವಾಗಿ ಒಂದು ಮಾತು. ಚಾಲಕನ ಎಡಬದಿಯಲ್ಲಿರುವ ಇದಕ್ಕೆ ಐದು ಸ್ಥಾನಗಳು: ಓಡಾಟಕ್ಕೆ ಸಾಧಾರಣ, ಕೆಟ್ಟ ದಾರಿಗೆಂದು ಅದಕ್ಕೆ ಮೇಲಿನ ಎರಡು, ಗಾಲಿ ಬದಲಿಸಲು ಅತಿ ಎತ್ತರ ಮತ್ತು ಅತಿ ತಗ್ಗು. ಜಾಕು ಬೇಕಿಲ್ಲ, ಗಾಡಿಯನ್ನು ಪೂರ್ತಿ ಎತ್ತರಿಸಿ, ಪಕ್ಕದಲ್ಲಿ ಒಂದು ಊರೆಯನ್ನು ಕೊಟ್ಟು, ಸನ್ನೆಯನ್ನು ತಗ್ಗಿಗೆ ತಂದರೆ ಆ ಬದಿಯ ಗಾಲಿಗಳೇ ನೆಲ ಬಿಟ್ಟು ಮೇಲೇಳುತ್ತವೆ. ಮೇಷ್ಟರು ಕುಲುಕಿಗೆ ಬೇಸತ್ತು ಕೆಲವು ದಿನ ಸನ್ನೆಯನ್ನು ಒಂದು ಸ್ಥಾನ ಮೇಲಿಟ್ಟು ಓಡಿಸಿದ್ದರಂತೆ. ಹಿಂಭಾಗ ಸುಧಾರಿಸಿತು, ಆದರೆ ಸರಿಯಾಗಿದ್ದ ಮುಂಭಾಗವೂ ಅದರೊಡನೆ ಎದ್ದು ನಿಂತು ಒರಟಾಯಿತು. ಸನ್ನೆಯು ಎರಡು ಕವಾಟಗಳಿಗೂ ಒಡೆಯ; ಒಂದರ ತಪ್ಪನ್ನು ಅದರಿಂದ ತಿದ್ದಲಾಗದು.

ಅಳೆಯುವುದು ಎಲ್ಲಿಂದ ಎಲ್ಲಿಗೆ? ಗಾಲಿಯ ಮೇಲಿನ ತಗಡಿನ ಅಂಚಿಗೆ ಅಳೆಯುವವರುಂಟು. ಡಿಎಸ್ ಗಾಡಿಯ ತಗಡುಗಳು ಬೋಲ್ಟಿನಿಂದ ಕಳಚಿ ಕೂಡಿಸುವಂಥವು. ಅವು ಅರ್ಧ ಅಂಗುಲ ಅತ್ತಿತ್ತ ಕೂತಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ಕೈಪಿಡಿಯು ಗಾಡಿಯ ಅಡಿಗಟ್ಟಿನಲ್ಲಿ ಗೊತ್ತುಮಾಡಿದ ಜಾಗಗಳಿಂದ ನೆಲಕ್ಕೆ ಅಳೆಯಹೇಳುತ್ತದೆ, ಮುಂದಕ್ಕೂ ಹಿಂದಕ್ಕೂ ಪ್ರತ್ಯೇಕವಾಗಿ. ಅಷ್ಟೇ ಅಲ್ಲ, ಒಂದು ಸಲ ಅಳೆದರೆ ಸಾಲದು. ಗಾಡಿಯನ್ನು ಕೈಯಿಂದ ಮೇಲೆತ್ತಿ, ಕೆಲವು ಕ್ಷಣ ಹಿಡಿದು ಬಿಡಬೇಕು. ಅದು ತಗ್ಗಿ, ಮತ್ತೆ ಏರಿ, ನಿಂತಾಗ ಒಂದು ಅಳತೆ. ಮತ್ತೆ ಕೆಳಗೊತ್ತಿ, ಹಿಡಿದು ಬಿಡಬೇಕು. ಏರಿ, ಇಳಿದು, ನಿಂತಾಗ ಇನ್ನೊಂದು ಅಳತೆ. ಕವಾಟದ ನಡುವೆ ತೈಲವು ಹೋಗದ ಬಾರದ ಒಂದು ಸಣ್ಣ ಎಡೆಯಿರುವುದರಿಂದ, ಕೆಳಗಿನಿಂದ ಬಂದರೆ ಗಾಡಿ ತುಸು ತಗ್ಗಿನಲ್ಲಿಯೂ ಮೇಲಿನಿಂದ ಬಂದರೆ ತುಸು ಎತ್ತರದಲ್ಲಿಯೂ ನಿಲ್ಲುತ್ತದೆ. ಎರಡರ ಸರಾಸರಿಯೇ ನಿಜವಾದ ಎತ್ತರ. ಮೇಷ್ಟರು ಮೂರು ಬಾರಿ ಅಳೆದು, ಮಕ್ಕಳ ಲೆಕ್ಕದ ಪುಸ್ತಕದಲ್ಲಿ ಬರೆದು, ಕೂಡಿ ಭಾಗಿಸಿದರು. ಮುಂಭಾಗ ಕೈಪಿಡಿಗೆ ಸರಿಯಾಗಿತ್ತು. ಹಿಂಭಾಗ 58 ಮಿಲಿಮೀಟರು ತಗ್ಗು! ಹಿಂದಿನ ಗಾಲಿಗಳನ್ನು ತಗಡು ಮುಚ್ಚಿರುವುದರಿಂದಲೂ, ನಿಲ್ಲಿಸಿದಾಗ ಈ ಗಾಡಿಗಳು ಹೇಗಿದ್ದರೂ ತಗ್ಗಿ ಕೂರುವುದರಿಂದಲೂ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಿದ್ದುವುದಕ್ಕೆ ಗಾಡಿಯ ಕೆಳಗೆ ಹೋಗಬೇಕು. ನಾನು ಉತ್ಸಾಹದಿಂದ ಬಗ್ಗಿದೆ. ಮೇಷ್ಟರು ನನ್ನ ತೋಳನ್ನು ಹಿಡಿದೆಳೆದು ನಿಲ್ಲಿಸಿದರು. ಅವರ ಮುಖದಲ್ಲಿ ಅಷ್ಟು ಕಾಠಿಣ್ಯವನ್ನು ನಾನು ಅದುವರೆಗೆ ಕಂಡಿರಲಿಲ್ಲ. ‘ತೈಲದ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು’ ಎಂದರು. ಗಾಡಿಯನ್ನು ಅತಿ ಎತ್ತರಕ್ಕೆ ಏರಿಸಿ, ಎಂಜಿನ್ನನ್ನು ನಿಲ್ಲಿಸಿ, ಅಡಿಗಟ್ಟಿನ ಗಟ್ಟಿಯಾದ ಜಾಗಗಳಿಗೆ ನಾಲ್ಕು ಉಕ್ಕಿನ ಊರೆಗಳನ್ನು ಕೊಟ್ಟರು. ಊರೆಗೂ ಗಾಡಿಗೂ ನಡುವೆ ಎರಡು ಬೆರಳಿನ ಅಂತರವಿತ್ತು. ಅವರು ಬೆನ್ನಮೇಲೆ ಮಲಗಿ ಕೆಳಗೆ ಸರಿದರು. ನಾನು ಪಂಜು ಹಿಡಿದು ಪಕ್ಕದಲ್ಲಿ ಕುಳಿತೆ.

ಮಗಳು ಒಳಗೆ ಹೋಗಿದ್ದಳು. ನಾಲ್ಕು ವರ್ಷದ ಮೊಮ್ಮಗ ತೆರೆದ ಬಾಗಿಲಿನಿಂದ ಹತ್ತಿ ಚಾಲಕನ ಜಾಗದಲ್ಲಿ ಕುಳಿತದ್ದು ನನ್ನ ಗಮನಕ್ಕೆ ಬರಲಿಲ್ಲ. ಬುಸ್ ಎಂದು ಸದ್ದಾಯಿತು. ನನ್ನ ಕಣ್ಣೆದುರಿಗೆ 1,300 ಕಿಲೋಗ್ರಾಂ ತೂಕದ ಆ ದೇಹ ಕುಸಿಯಿತು. ಎರಡು ಬೆರಳಿನಷ್ಟು ಕುಸಿದು, ಊರೆಗಳ ಮೇಲೆ ಕೂತು, ನಿಂತಿತು.  ಮಗುವಿನ ಕೈಯಲ್ಲಿ ಸನ್ನೆಯಿತ್ತು. ಎಂಜಿನ್ನು ನಿಂತಿದ್ದರೂ ತೈಲ ಹೊರಹೋಗುವ ದಾರಿ ತೆರೆಯುವುದಕ್ಕೆ ಅಷ್ಟೇ ಸಾಕು. ಕೆಳಗಿನಿಂದ ಮೇಷ್ಟರ ಧ್ವನಿ ಬಂತು, ಎಂದಿನಂತೆಯೇ ಸಮಾಧಾನವಾಗಿ. ಏನೆಂದರೆಂದು ಮಗಳು ಆಮೇಲೆ ತಿಳಿಸಿದಳು: ‘ಊರೆ ಇಟ್ಟದ್ದು ಇದಕ್ಕಾಗಿ.’ ನನ್ನ ಕೈಯ ಪಂಜು ಮಾತ್ರ ಬಹಳ ಹೊತ್ತು ನಡುಗುತ್ತಲೇ ಇತ್ತು. ಅಂದಿನಿಂದ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅವರು ತಮ್ಮ ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಇಳಿಯುತ್ತಿದ್ದರು.

ರೋಗದ ಮೂಲ ಅಲ್ಲಿಯೇ ಸಿಕ್ಕಿತು. ಅಡ್ಡಸಲಾಕೆಗೆ ಕಡ್ಡಿಯನ್ನು ಬಿಗಿದಿಡುವ ಒಂದು ಹಿಡಿಕಟ್ಟಿದೆ. ಅದರ ಸುತ್ತ ಹಳೆಯ ತುಕ್ಕು, ನಡುವೆ ಹೊಸದಾಗಿ ಹೊಳೆಯುವ ಗೀರು. ಯಾರೋ ಅದನ್ನು ಸಡಿಲಿಸಿ, ಅಳೆಯದೆ, ಕಣ್ಣಳತೆಯಲ್ಲಿ ಮತ್ತೆ ಬಿಗಿದಿದ್ದರು. ಕವಾಟವು ತನ್ನ ಕರ್ತವ್ಯವನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು. ಆದರೆ ಅದಕ್ಕೆ ತೋರಿಸಿಕೊಟ್ಟ ಗುರುತೇ ತಪ್ಪಾಗಿತ್ತು. ಮೇಷ್ಟರು ಮೊದಲು ಕೈಸನ್ನೆಯ ಕೊಂಡಿಯು ಸಾಧಾರಣ ಸ್ಥಾನದಲ್ಲಿ ಕವಾಟವನ್ನು ಒತ್ತದೆ ಬಿಡಿಯಾಗಿರುತ್ತದೆಯೇ ಎಂದು ನೋಡಿಕೊಂಡರು. ಬಳಿಕ ಹಿಡಿಕಟ್ಟನ್ನು ಸಡಿಲಿಸಿ, ಸಲಾಕೆಯ ಮೇಲೆ ಕೂದಲೆಳೆಯಷ್ಟು ತಿರುಗಿಸಿ, ಬಿಗಿದರು. ಅಲ್ಲಿ ಕೂದಲೆಳೆಯಷ್ಟು ತಿರುಗಿದರೆ ಗಾಡಿಯ ಎತ್ತರದಲ್ಲಿ ಬೆರಳಿನಷ್ಟು ವ್ಯತ್ಯಾಸ. ಊರೆಗಳನ್ನು ತೆಗೆದು, ಬೀದಿಯಲ್ಲಿ ಒಂದು ಸುತ್ತು ಓಡಿಸಿ, ಮತ್ತೆ ಚಪ್ಪಡಿಗೆ ತಂದು, ಮತ್ತೆ ಎತ್ತಿ ಒತ್ತಿ ಅಳೆದೆವು. ಮೊದಲ ಸಲ ಹೆಚ್ಚಾಯಿತು. ಎರಡನೆಯ ಸಲ ಕಡಿಮೆಯಾಯಿತು. ಮಧ್ಯಾಹ್ನದ ಊಟ ಆರಿತು. ನಾಲ್ಕನೆಯ ಸಲ ಲೆಕ್ಕ ಕೈಪಿಡಿಗೆ ಕೂಡಿತು. ಆ ದಿನದ ಒಟ್ಟು ಖರ್ಚು ಒಂದು ಹೊಸ ನಟ್ಟು.

ಈ ಬಗೆಯ ಗಾಡಿಯುಳ್ಳವರು ನೆನಪಿಡಬೇಕಾದ ಮತ್ತೊಂದು ವಿಷಯವನ್ನೂ ಅವರು ಹೇಳಿದರು. ಎತ್ತರ ತಪ್ಪಿತೆಂದು ತೊಟ್ಟಿಗೆ ಸಿಕ್ಕಿದ ತೈಲವನ್ನು ಸುರಿಯಕೂಡದು. ಆದಿಯಲ್ಲಿ ಈ ಗಾಡಿಗಳಿಗೆ ಹರಳೆಣ್ಣೆಯಿಂದ ಮಾಡಿದ ಸಸ್ಯತೈಲವನ್ನೂ, ಆಮೇಲೆ ಕೃತಕವಾದ ಕೆಂಪು ತೈಲವನ್ನೂ ಬಳಸಿದರು. ಅವು ನೀರನ್ನು ಹೀರಿ ಒಳಗೆ ತುಕ್ಕು ಹಿಡಿಸುತ್ತಿದ್ದುದರಿಂದ 1960ರ ದಶಕದ ಉತ್ತರಾರ್ಧದಲ್ಲಿ ಹಸಿರು ಬಣ್ಣದ ಖನಿಜತೈಲಕ್ಕೆ ಬದಲಾಯಿಸಿದರು. ಎರಡಕ್ಕೂ ರಬ್ಬರಿನ ಜಾತಿ ಬೇರೆ. ಹಸಿರಿನ ಗಾಡಿಗೆ ಕೆಂಪನ್ನಾಗಲಿ ಕೆಂಪಿನದಕ್ಕೆ ಹಸಿರನ್ನಾಗಲಿ ಹೊಯ್ದರೆ ರಬ್ಬರಿನ ಮುದ್ರೆಗಳೆಲ್ಲ ಕೆಟ್ಟು, ಗಾಡಿಯು ಕಣ್ಣೀರಿಡುವಂತೆ ಸೋರತೊಡಗುತ್ತದೆ.

ಈ ವ್ಯವಸ್ಥೆ ಈಗ ಚರಿತ್ರೆಗೆ ಸೇರಿದೆ. 1970ರ ಜಿಎಸ್, 1974ರ ಸಿಎಕ್ಸ್, 1982ರ ಬಿಎಕ್ಸ್ ಮುಂತಾದ ಗಾಡಿಗಳಲ್ಲಿ ಅದು ಮುಂದುವರಿಯಿತು. 1965ರಲ್ಲಿ ಬಂದ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೊ ಕೂಡ ತನ್ನ ಎತ್ತರ ಕಾಯುವುದಕ್ಕೆ ಸಿಟ್ರೊಯೆನ್ನಿನ ವಿದ್ಯೆಯನ್ನು ಎರವಲು ಪಡೆಯಿತು. ಸಿ5 ಗಾಡಿಯ ತಯಾರಿಕೆ 2017ರಲ್ಲಿ ನಿಂತಾಗ ಈ ವಂಶ ಮುಗಿಯಿತು. 2021ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಸಿಟ್ರೊಯೆನ್ ಗಾಡಿಯಲ್ಲಿ ತೈಲದ ಮೆತ್ತೆಗಳಿದ್ದರೂ ಅದನ್ನು ಹೊರುವುದು ಉಕ್ಕಿನ ಸುರುಳಿಯೇ. ಎತ್ತರ ತಿದ್ದುವ ಕವಾಟವನ್ನು ಅದರಲ್ಲಿ ಹುಡುಕಬೇಕಾಗಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮೇಷ್ಟರು ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ಆಕೆ ಬಹಳ ಹೊತ್ತು ಹೊಸಿಲಿನಲ್ಲಿಯೇ ನಿಂತು ಯೋಚಿಸಿ, ಒಂದು ದಿಂಬು ಹಿಡಿದು ಹಿಂದಿನ ಆಸನದಲ್ಲಿ ಕುಳಿತರು. ಗಾಡಿ ಒಮ್ಮೆ ತಗ್ಗಿತು. ಎರಡು ಕ್ಷಣ ಯೋಚಿಸಿದಂತೆ ಮಾಡಿ, ಮೆಲ್ಲನೆ ಎದ್ದು ನಿಂತಿತು. ಸಂಜೆ ಮರಳಿದಾಗ ದಿಂಬು ಮುಂದಿನ ಆಸನದ ಮೇಲೆ ಬಿದ್ದಿತ್ತು. ತಂಗಿಯ ತೋಟದ ಸೇಬುಗಳ ಒಂದು ಬುಟ್ಟಿ ನಮ್ಮ ಮನೆಗೆ ಬಂತು. ಮಾರಾಟದ ಚೀಟಿಯ ಹಿಂಬದಿಯಲ್ಲಿ ಮೇಷ್ಟರು ಮುಂಭಾಗದ ಎತ್ತರ, ಹಿಂಭಾಗದ ಎತ್ತರ, ಅಳೆದ ತಾರೀಖು, ಇವಿಷ್ಟನ್ನು ಬರೆದು ಗಾಡಿಯ ಕೈಪಿಡಿಯೊಳಗೆ ಇಟ್ಟರು. ಮುಂದೆ ಅದನ್ನು ತಿದ್ದುವವನು ಯಾರೇ ಆಗಿರಲಿ, ಅವನಿಗೊಂದು ಗುರುತಿರಲಿ ಎಂದು.

ನಮ್ಮ ಮನೆಗಳಲ್ಲಿ ಡಿಎಸ್ ಗಾಡಿಯಿಲ್ಲ. ಕುರ್ಚಿಗಳಿವೆ, ಕಪಾಟುಗಳಿವೆ, ಸೈಕಲ್ಲುಗಳಿವೆ, ಮನುಷ್ಯರೂ ಇದ್ದಾರೆ. ಏನೋ ಡೊಂಕಾಗಿದೆ ಎಂದು ತೋರಿದಾಗ ಗರಗಸಕ್ಕೆ ಕೈ ಹಾಕುವ ಮುನ್ನ ಅಳತೆಪಟ್ಟಿಯನ್ನು ಹುಡುಕೋಣ. ಸಾಧ್ಯವಾದರೆ ಎರಡು ಸಲ, ಮೇಲಿನಿಂದಲೂ ಕೆಳಗಿನಿಂದಲೂ, ಅಳೆಯೋಣ. ಮತ್ತು ಯಾವ ಭಾರದ ಕೆಳಗೆ ನುಸುಳುವ ಮುಂಚೆಯೂ ಊರೆಯೊಂದನ್ನು ಕೊಡಲು ಮರೆಯದಿರೋಣ.